ಘಟಪ್ರಭಾ ದಂಡೆಯ ಕನ್ನಡ ಮತ್ತು ಡಿಜಿಟಲ್ ಸಮಾನತೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಸಾರಾಂಶ

ಡಿಜಿಟಲ್ ಸಮಾನತೆಯನ್ನು ಸಾಮಾನ್ಯವಾಗಿ ಸಂಪರ್ಕಜಾಲ, ಉಪಕರಣ ಮತ್ತು ದರಗಳ ಪ್ರಶ್ನೆಯಾಗಿ ಚರ್ಚಿಸಲಾಗುತ್ತದೆ. ಜಾಲವು ಊರನ್ನು ತಲುಪಿದ ಮೇಲೆಯೂ ಉಳಿಯುವ ಅಸಮಾನತೆಯ ಒಂದು ಭಾಗ ಶುದ್ಧ ಭಾಷಿಕವಾದುದೆಂದು ಈ ಲೇಖನದಲ್ಲಿ ನಾವು ತೋರಿಸಲು ಯತ್ನಿಸುತ್ತೇವೆ. ಲಿಪಿಯ ಸಂಕೇತೀಕರಣ, ಸಂದೇಶದ ವಾಕ್ಯರಚನೆ, ಧ್ವನಿ ಗುರುತಿಸುವಿಕೆಯಲ್ಲಿ ಬಳಸುವ ತಪ್ಪಿನ ಅಳತೆ ಮತ್ತು ಗಡಿನಾಡಿನ ದ್ವಿಭಾಷಿಕತೆ ಎಂಬ ನಾಲ್ಕು ನೆಲೆಗಳಲ್ಲಿ ಈ ಅಸಮಾನತೆಯನ್ನು ವಿವರಿಸಲಾಗಿದೆ. ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳಲ್ಲಿ ಹರಿಯುವ ಘಟಪ್ರಭೆಯ ಪ್ರವಾಹ ಮುನ್ಸೂಚನೆಯನ್ನು ಉದಾಹರಣೆಯಾಗಿ ಆಯ್ದುಕೊಂಡಿದ್ದೇವೆ.

ಕೀಲಿಪದಗಳು: ಡಿಜಿಟಲ್ ಸಮಾನತೆ, ಬೆಳಗಾವಿ ಕನ್ನಡ, ಯೂನಿಕೋಡ್, ಧ್ವನಿ ಗುರುತಿಸುವಿಕೆ, ಪದದೋಷ ಪ್ರಮಾಣ, ಭಾಷಾಸಂಪರ್ಕ

1. ಪ್ರಸ್ತಾವನೆ

ಗೋಕಾಕ ಎಂಬ ಹೆಸರು ಕನ್ನಡದ ಭಾಷಾನೀತಿಯ ಚರಿತ್ರೆಯಲ್ಲಿ ಬೇರೊಂದು ಕಾರಣಕ್ಕೆ ಪರಿಚಿತ. ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯು 1981ರಲ್ಲಿ ಸಲ್ಲಿಸಿದ ವರದಿ ಮತ್ತು ಅದರ ಜಾರಿಗಾಗಿ ನಡೆದ ಚಳವಳಿ ಶಾಲೆಯಲ್ಲಿ ಕನ್ನಡದ ಸ್ಥಾನವೇನು ಎಂಬ ಪ್ರಶ್ನೆಯನ್ನು ಮುನ್ನೆಲೆಗೆ ತಂದವು. ನಾಲ್ಕು ದಶಕಗಳ ಅನಂತರ ಆ ಪ್ರಶ್ನೆ ಶಾಲೆಯ ಹೊಸಿಲನ್ನು ದಾಟಿ ದೂರಸಂಪರ್ಕದ ಅಂಗಳಕ್ಕೆ ಬಂದಿದೆ. ಇಂದು ಕೇಳಬೇಕಾದುದು ಕನ್ನಡಕ್ಕೆ ಯಂತ್ರದಲ್ಲಿ ಸ್ಥಾನವಿದೆಯೇ ಎಂಬುದಷ್ಟೇ ಅಲ್ಲ. ಯಾವ ಕನ್ನಡಕ್ಕೆ, ಯಾರ ಕನ್ನಡಕ್ಕೆ ಎಂಬುದೂ ಹೌದು.

ಈ ಪ್ರಶ್ನೆಯನ್ನು ಅಮೂರ್ತವಾಗಿ ಚರ್ಚಿಸುವುದಕ್ಕಿಂತ ಒಂದು ನೆಲದ ಮೇಲೆ ನಿಲ್ಲಿಸಿ ನೋಡುವುದು ಉಚಿತ. ಘಟಪ್ರಭಾ ನದಿಗೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಜಲಾಶಯವಿದೆ. ಗೋಕಾಕದ ಬಳಿ ನದಿ ಜಲಪಾತವಾಗಿ ಧುಮುಕುತ್ತದೆ. ಮುಂದೆ ಮೊದಲು ಗೋಕಾಕ ತಾಲೂಕಿಗೇ ಸೇರಿದ್ದು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕಾದ ಮೂಡಲಗಿಯ ಹಳ್ಳಿಗಳತ್ತ ಸಾಗುತ್ತದೆ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಇದನ್ನು ಸೇರುತ್ತವೆ. ಮೇಲೆ ಜಲಾಶಯದ ಬಾಗಿಲು ತೆರೆದರೆ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಲೇಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಮುನ್ಸೂಚನೆಯೆಂಬುದು ಇಲ್ಲಿ ಮನೆ, ದನಕರು, ಕಬ್ಬಿನ ಹೊಲ ಮತ್ತು ಜೀವಗಳ ವಿಷಯ. ಅದು ಭಾಷೆಯ ವಿಷಯವೂ ಆಗಿದೆ ಎಂಬುದೇ ನಮ್ಮ ವಾದ.

2. ಭಾಷಿಕ ಪರಿಸರ

ಈ ಮೂರು ತಾಲೂಕುಗಳ ಆಡುಮಾತು ಉತ್ತರ ಕರ್ನಾಟಕದ ಕನ್ನಡದ ಬೆಳಗಾವಿ ಪ್ರಭೇದಕ್ಕೆ ಸೇರುತ್ತದೆ. ಶಿಷ್ಟ ಬರಹದ ಕನ್ನಡದೊಡನೆ ಹೋಲಿಸಿದಾಗ ಎದ್ದು ಕಾಣುವ ಲಕ್ಷಣಗಳಲ್ಲಿ ನಮ್ಮ ಚರ್ಚೆಗೆ ಅಗತ್ಯವಾದ ಐದನ್ನು ಇಲ್ಲಿ ಹೇಳುತ್ತೇವೆ.

ಒಂದು, ಪದಾಂತ್ಯದ ಎಕಾರವು ಇಕಾರವಾಗುತ್ತದೆ: ಮನೆ–ಮನಿ, ಹೊಳೆ–ಹೊಳಿ, ತಲೆ–ತಲಿ. ಎರಡು, ಪದಾಂತ್ಯದ ಉಕಾರವು ಹಲವೆಡೆ ಲೋಪಗೊಂಡು ಅಥವಾ ಅಕಾರವಾಗಿ ಕೇಳಿಸುತ್ತದೆ: ನೀರು–ನೀರ, ಬೇಕು–ಬೇಕ. ಮೂರು, ಸಪ್ತಮಿಯ ಅರ್ಥದಲ್ಲಿ ‘-ಅಲ್ಲಿ’ಗೆ ಬದಲಾಗಿ ‘-ಆಗ’ ಬರುತ್ತದೆ: ಊರಲ್ಲಿ–ಊರಾಗ, ಮನೆಯಲ್ಲಿ–ಮನ್ಯಾಗ, ಹೊಳೆಯಲ್ಲಿ–ಹೊಳ್ಯಾಗ. ನಾಲ್ಕು, ‘ಇದೆ’, ‘ಇವೆ’ ಎಂಬ ರೂಪಗಳ ಸ್ಥಾನದಲ್ಲಿ ‘ಐತಿ’, ‘ಅದಾವ’ ಎಂಬ ರೂಪಗಳಿವೆ. ಐದು, ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ‘ಹತ್ತು’ ಧಾತು ಸಹಾಯಕ್ರಿಯೆಯಾಗಿ ಬಂದು ಮುಖ್ಯಕ್ರಿಯೆಯೊಡನೆ ಬೆಸೆದುಕೊಂಡಿದೆ: ಬಿಡುತ್ತಿದ್ದಾರೆ–ಬಿಡಾಕತ್ತಾರ, ಬರುತ್ತಿದೆ–ಬರಾಕತ್ತೈತಿ.

ಇವು ಉಚ್ಚಾರದ ಅಲ್ಪಸ್ವಲ್ಪ ಭೇದಗಳಲ್ಲ. ಮೊದಲೆರಡು ಧ್ವನಿವ್ಯವಸ್ಥೆಗೆ, ಉಳಿದ ಮೂರು ರೂಪವ್ಯವಸ್ಥೆಗೆ ಸಂಬಂಧಿಸಿದವು. ಕನ್ನಡದಂತಹ ಅಂಟುಭಾಷೆಯಲ್ಲಿ ಕಾರಕ, ಕಾಲ, ಪುರುಷ, ನಿಷೇಧಗಳೆಲ್ಲ ಪ್ರತ್ಯಯಗಳಲ್ಲೇ ಅಡಗಿರುವುದರಿಂದ ಈ ಭೇದಗಳು ಬಹುತೇಕ ಪ್ರತಿ ವಾಕ್ಯದಲ್ಲಿಯೂ ತಲೆದೋರುತ್ತವೆ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಕನ್ನಡ ಉಪಭಾಷೆಗಳ ವಿವರಣಾತ್ಮಕ ಅಧ್ಯಯನಗಳು ಪ್ರತಿ ಪ್ರಭೇದಕ್ಕೂ ತನ್ನದೇ ಆದ ಸುಸಂಬದ್ಧ ವ್ಯಾಕರಣವಿದೆಯೆಂಬುದನ್ನು ಸ್ಪಷ್ಟಪಡಿಸಿವೆ. ಭಾಷಾವಿಜ್ಞಾನಿಗಳಿಗೆ ಇದು ಹಳೆಯ ಮಾತು. ದೂರಸಂಪರ್ಕ ವ್ಯವಸ್ಥೆಗಳ ವಿನ್ಯಾಸದಲ್ಲಿ ಮಾತ್ರ ‘ಕನ್ನಡ’ ಎಂಬುದು ಇಂದಿಗೂ ಎರಡಕ್ಷರದ ಒಂದು ಭಾಷಾಸಂಕೇತ, ಅದರೊಳಗೆ ಭೇದಗಳಿಲ್ಲ.

3. ಲಿಪಿಯ ಬೆಲೆ

ಪ್ರಭೇದಗಳ ಪ್ರಶ್ನೆಗೆ ಹೋಗುವ ಮೊದಲು ಲಿಪಿಯ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ಕನ್ನಡಕ್ಕೆ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಖಂಡವೊಂದು ಮೀಸಲಾಗಿದೆ. ಅಲ್ಲಿ ಎಣಿಕೆಯ ಘಟಕ ಅಕ್ಷರವಲ್ಲ, ಸಂಕೇತಬಿಂದು. ವ್ಯಂಜನ, ಸ್ವರಚಿಹ್ನೆ, ಹಲಂತ, ಅನುಸ್ವಾರ ಪ್ರತಿಯೊಂದೂ ಒಂದೊಂದು ಬಿಂದು. ನಮ್ಮ ಮೂರು ಊರುಗಳ ಹೆಸರುಗಳನ್ನೇ ಎಣಿಸೋಣ. ‘ಗೋಕಾಕ’ದಲ್ಲಿ ಮೂರು ಅಕ್ಷರ, 5 ಬಿಂದು. ‘ಮೂಡಲಗಿ’ಯಲ್ಲಿ ನಾಲ್ಕು ಅಕ್ಷರ, 6 ಬಿಂದು. ‘ಹುಕ್ಕೇರಿ’ಯಲ್ಲಿ ಮೂರು ಅಕ್ಷರ, ಒತ್ತಕ್ಷರದ ಹಲಂತವೂ ಸೇರಿ 8 ಬಿಂದು. ಒಟ್ಟು 19. ಇವೇ ಹೆಸರುಗಳನ್ನು ಸ್ವರಗಳನ್ನು ಬಿಡದೆ ರೋಮನ್ ಲಿಪಿಯಲ್ಲಿ ಬರೆದರೆ ಕ್ರಮವಾಗಿ 6, 8 ಮತ್ತು 7, ಅಂದರೆ 21 ಅಕ್ಷರಗಳಾಗುತ್ತವೆ. ಹೀಗಾಗಿ ಕನ್ನಡ ಬರಹ ಸ್ವಭಾವತಃ ಉದ್ದವಾದುದೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಬೆಲೆ ಏರುವುದು ಸಂಕೇತೀಕರಣದಲ್ಲಿ. ಒಂದು ಎಸ್‌ಎಂಎಸ್ ಹೊರಬಲ್ಲ ಭಾರ 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷಿಗೆ ಬಳಸುವ ಮೂಲ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೆ 7 ಬಿಟ್ ಸಾಕು. ಹಾಗಾಗಿ 160 ಅಕ್ಷರ ಹಿಡಿಯುತ್ತವೆ. ಕನ್ನಡವನ್ನು ಸಾಮಾನ್ಯವಾಗಿ ಯುಸಿಎಸ್-2 ಎಂಬ ಪದ್ಧತಿಯಲ್ಲಿ ಕಳಿಸಲಾಗುತ್ತದೆ; ಅಲ್ಲಿ ಪ್ರತಿ ಬಿಂದುವಿಗೆ 16 ಬಿಟ್, ಹಾಗಾಗಿ 70 ಬಿಂದು. ಮೇಲಿನ ಮೂರು ಹೆಸರುಗಳಿಗೆ ರೋಮನ್ ಲಿಪಿಯಲ್ಲಿ 147 ಬಿಟ್ ಸಾಕಾದರೆ ಕನ್ನಡದಲ್ಲಿ 304 ಬಿಟ್ ಬೇಕು. ಸಂದೇಶ 70 ಬಿಂದುವನ್ನು ದಾಟಿದರೆ ಅದನ್ನು ತಲಾ 67 ಬಿಂದುಗಳ ಖಂಡಗಳಾಗಿ ಒಡೆದು ಕಳಿಸಬೇಕಾಗುತ್ತದೆ. ಕಳಿಸುವ ಸಂಸ್ಥೆಗೆ ಪ್ರತಿ ಖಂಡವೂ ಒಂದು ಸಂದೇಶದ ಲೆಕ್ಕ. ಇಂಗ್ಲಿಷಿನಲ್ಲೋ ರೋಮನ್ ಲಿಪಿಯ ಕನ್ನಡದಲ್ಲೋ ಸಂದೇಶ ಕಳಿಸುವ ಪ್ರವೃತ್ತಿಯ ಹಿಂದೆ ಈ ಲೆಕ್ಕವೂ ಕೆಲಸ ಮಾಡುತ್ತದೆ.

ಇದಕ್ಕೆ ತಾಂತ್ರಿಕ ಪರಿಹಾರ ಇಲ್ಲದಿಲ್ಲ. ಮೊಬೈಲ್ ಸಂದೇಶಗಳ ಅಂತಾರಾಷ್ಟ್ರೀಯ ಮಾನಕದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ 7 ಬಿಟ್‌ನ ಪ್ರತ್ಯೇಕ ಪಟ್ಟಿಗಳಿವೆ. ಅವುಗಳನ್ನು ಬಳಸಿದರೆ, ತಲೆಬರಹಕ್ಕೆ ಕೆಲವು ಸ್ಥಾನ ಹೋದರೂ, ಒಂದೇ ಸಂದೇಶದಲ್ಲಿ 150ರಷ್ಟು ಕನ್ನಡ ಚಿಹ್ನೆಗಳಿಗೆ ಎಡೆಯಿದೆ. ಆದರೆ ಕಳಿಸುವ ವ್ಯವಸ್ಥೆ ಮತ್ತು ಪಡೆಯುವ ಉಪಕರಣ ಎರಡೂ ಆ ಪಟ್ಟಿಯನ್ನು ಅರಿತಿರಬೇಕು. ಒಂದು ಕಡೆ ಅರಿಯದಿದ್ದರೂ ಓದುಗನಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ದೇಶದಲ್ಲಿ ಮಾರಾಟವಾಗುವ ಮೊಬೈಲ್ ಫೋನುಗಳು ಎಲ್ಲ 22 ಅಧಿಕೃತ ಭಾಷೆಗಳ ಸಂದೇಶಗಳನ್ನು ತೋರಿಸಬಲ್ಲವಾಗಿರಬೇಕೆಂದು 2016ರಲ್ಲಿ ಐಎಸ್ 16333 ಮಾನಕದ ಮೂರನೆಯ ಭಾಗದ ಮೂಲಕ ಕಡ್ಡಾಯ ಮಾಡಲಾಯಿತು. ಕಾಣುವ ಹಕ್ಕನ್ನು ಅದು ಒದಗಿಸಿತು. ಸಮಾನ ಬೆಲೆಯ ಪ್ರಶ್ನೆಯನ್ನು ಬಿಡಿಸಲಿಲ್ಲ.

4. ಮುನ್ಸೂಚನೆಯ ವ್ಯಾಕರಣ

ಈಗ ಸಂದೇಶದ ಒಳಗೆ ಹೋಗೋಣ. ವಿವರಣೆಯ ಅನುಕೂಲಕ್ಕಾಗಿ ನಾವೇ ರಚಿಸಿದ ಎರಡು ಮಾದರಿಗಳಿವು. ಮೊದಲನೆಯದು ಕಚೇರಿಯ ಶಿಷ್ಟ ಕನ್ನಡದಲ್ಲಿದೆ:

(ಅ) ಘಟಪ್ರಭಾ ನದಿಗೆ ನೀರು ಬಿಡಲಾಗುತ್ತಿದೆ. ನದಿದಂಡೆಯವರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು.

ಎರಡನೆಯದು ಈ ಭಾಗದ ಆಡುಮಾತಿನಲ್ಲಿದೆ:

(ಆ) ಘಟಪ್ರಭಾ ಹೊಳಿಗಿ ನೀರ ಬಿಡಾಕತ್ತಾರ. ಹೊಳಿ ದಂಡಿ ಮಂದಿ ಎತ್ತರದ ಜಾಗಕ್ಕ ಹೋಗ್ರಿ.

ಖಾಲಿ ಜಾಗ ಮತ್ತು ಪೂರ್ಣವಿರಾಮಗಳನ್ನೂ ಸೇರಿಸಿ ಎಣಿಸಿದರೆ (ಅ) ವಾಕ್ಯಗಳಲ್ಲಿ 73 ಬಿಂದುಗಳಿವೆ. ಮೂರೇ ಬಿಂದುಗಳ ಹೆಚ್ಚಳದಿಂದ ಅದು ಎರಡು ಖಂಡಗಳಾಗಿ ಒಡೆಯುತ್ತದೆ. (ಆ) ವಾಕ್ಯಗಳಲ್ಲಿ 67 ಬಿಂದುಗಳಿದ್ದು ಒಂದೇ ಸಂದೇಶದಲ್ಲಿ ಹಿಡಿಯುತ್ತದೆ. ಈ ಉಳಿತಾಯ ಆಕಸ್ಮಿಕ. ಅದರ ಮೇಲೆ ವಾದವನ್ನು ಕಟ್ಟುವುದು ಸರಿಯಲ್ಲ. ಗಮನಿಸಬೇಕಾದುದು ಎರಡರ ರಚನೆಯನ್ನು.

(ಅ)ದ ಮೊದಲ ವಾಕ್ಯ ಕರ್ಮಣಿ ಪ್ರಯೋಗ. ನೀರು ಬಿಡುವವರು ಯಾರೆಂಬುದು ವಾಕ್ಯದಿಂದ ಮರೆಯಾಗಿದೆ. (ಆ)ದಲ್ಲಿಯೂ ಕರ್ತೃಪದವಿಲ್ಲ, ಆದರೆ ಕ್ರಿಯಾಪದದ ಬಹುವಚನ ಪ್ರತ್ಯಯವು ಬಿಡುತ್ತಿರುವವರು ಮನುಷ್ಯರೇ ಎಂಬುದನ್ನು ಉಳಿಸಿಕೊಂಡಿದೆ. ಕೇಳುಗ ‘ಯಾರು, ಎಷ್ಟು, ಇನ್ನೂ ಎಷ್ಟು ಹೊತ್ತು’ ಎಂದು ಮುಂದಿನ ಪ್ರಶ್ನೆ ಕೇಳಲು ಅದು ಎಡೆಗೊಡುತ್ತದೆ. ಎರಡನೆಯ ವಾಕ್ಯದಲ್ಲಿ ಭೇದ ಇನ್ನೂ ಸ್ಪಷ್ಟ. ‘ತೆರಳಬೇಕು’ ಎಂಬುದು ಪ್ರಥಮಪುರುಷದ ವಿಧಿ. ನದಿದಂಡೆಯವರು ಎಂಬ ಮೂರನೆಯವರ ಬಗ್ಗೆ ಹೇಳಿದ ಮಾತು. ‘ಹೋಗ್ರಿ’ ಎಂಬುದು ಎದುರಿಗಿರುವವರನ್ನು ಗೌರವದಿಂದ ನೇರವಾಗಿ ಕರೆದು ಹೇಳಿದ ಮಾತು. ಅಪಾಯದ ಹೊತ್ತಿನಲ್ಲಿ ‘ಇದು ನನಗೆ ಹೇಳಿದ್ದು’ ಎಂಬ ಅರಿವು ಮೂಡಿಸುವುದು ಪುರುಷಪ್ರತ್ಯಯದ ಕೆಲಸ. ಹಾಗೆಯೇ ‘ಸುರಕ್ಷಿತ ಸ್ಥಳ’ ಎಂಬುದು ನಿರ್ಣಯವನ್ನು ಓದುಗನಿಗೇ ಬಿಡುತ್ತದೆ. ‘ಎತ್ತರದ ಜಾಗ’ ದಿಕ್ಕನ್ನು ತೋರಿಸುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಶಾಲೆಯಲ್ಲಿ ಕಲಿತವರೆಲ್ಲರಿಗೂ ಶಿಷ್ಟ ಕನ್ನಡ ಅರ್ಥವಾಗುತ್ತದೆಯಲ್ಲವೇ? ಬರಹದಲ್ಲಿ ಉಪಭಾಷೆಯನ್ನು ಕಂಡವರಿಗೆ ಅದು ಅಧಿಕೃತವೆನಿಸದೆ ಹೋದರೆ? ಈ ಆಕ್ಷೇಪದಲ್ಲಿ ಹುರುಳಿದೆ. ಫರ್ಗ್ಯುಸನ್ 1959ರಲ್ಲಿ ವಿವರಿಸಿದ ದ್ವಿಸ್ತರತೆಯ ಸನ್ನಿವೇಶಗಳಲ್ಲಿ ಮೇಲ್‌ಸ್ತರದ ಭಾಷೆಗೆ ಇರುವ ಪ್ರಾಮಾಣ್ಯ ಕೆಳಸ್ತರದ್ದಕ್ಕೆ ಇರುವುದಿಲ್ಲ. ಕನ್ನಡದ ಬರಹ–ಮಾತುಗಳ ಸಂಬಂಧದಲ್ಲಿಯೂ ಅದರ ಛಾಯೆಯಿದೆ. ಆದ್ದರಿಂದ ಎಲ್ಲ ಸಂದೇಶಗಳನ್ನೂ ಆಡುಮಾತಿಗೆ ಇಳಿಸಬೇಕೆಂದು ನಾವು ಹೇಳುತ್ತಿಲ್ಲ. ನೇರ ವಿಧಿ, ಕರ್ತರಿ ಪ್ರಯೋಗ ಮತ್ತು ಪರಿಚಿತ ಪದಗಳನ್ನು ಶಿಷ್ಟ ಕನ್ನಡದೊಳಗೇ ತರಬಹುದು: ‘ಹೊಳೆಗೆ ನೀರು ಬಿಡುತ್ತಿದ್ದಾರೆ, ಎತ್ತರದ ಜಾಗಕ್ಕೆ ಹೋಗಿ’ ಎಂಬುದೂ ಶಿಷ್ಟವೇ. ಬರಹದಲ್ಲಿ ಹೀಗೆ ನಡುದಾರಿ ಹಿಡಿದರೆ, ಧ್ವನಿಸಂದೇಶದಲ್ಲಿ ಆಡುಮಾತನ್ನೇ ಬಳಸಲು ಯಾವ ಅಡ್ಡಿಯೂ ಇಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಕೇಳುಗರಿಗೆ ಈ ಭಾಗದ ಮಾತನ್ನು ರೇಡಿಯೊದಲ್ಲಿ ಕೇಳುವುದು ಹೊಸತೇನಲ್ಲ.

ಗೋಪುರದಿಂದ ಒಂದು ಪ್ರದೇಶದ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಎಚ್ಚರಿಕೆ ಬಿತ್ತರಿಸುವ ವ್ಯವಸ್ಥೆಯನ್ನು 2023ರಲ್ಲಿ ದೇಶದ ಹಲವೆಡೆ ಪರೀಕ್ಷಿಸಲಾಯಿತು. ಈ ವಿಧಾನದ ಮೂಲ ಮಾನಕದಲ್ಲಿ ಒಂದು ಪುಟಕ್ಕೆ 82 ಬೈಟ್: ರೋಮನ್ ಲಿಪಿಯ 93 ಅಕ್ಷರ ಅಥವಾ ಕನ್ನಡದ 41 ಬಿಂದು. ಗರಿಷ್ಠ 15 ಪುಟಗಳಿಗೆ ಅವಕಾಶವಿರುವುದರಿಂದ ಜಾಗದ ಕೊರತೆ ಇಲ್ಲಿ ನೆಪವಾಗಲಾರದು. ಅದರ ಇನ್ನೊಂದು ಗುಣ ಮುಖ್ಯವಾದುದು. ಬಿತ್ತರಣೆಯನ್ನು ಆಯ್ದ ಗೋಪುರಗಳಿಗೆ ಸೀಮಿತಗೊಳಿಸಬಹುದಾದ್ದರಿಂದ ನದಿಯ ಒಂದು ಪಾತ್ರಕ್ಕೆ ಅಲ್ಲಿನ ಊರುಗಳ ಹೆಸರು ಹೇಳಿ, ಅಲ್ಲಿನ ಮಾತಿಗೆ ಹತ್ತಿರವಾದ ಸಂದೇಶ ಕಳಿಸುವುದು ತಾಂತ್ರಿಕವಾಗಿ ಸಾಧ್ಯ.

5. ಧ್ವನಿ ಗುರುತಿಸುವಿಕೆ ಮತ್ತು ತಪ್ಪಿನ ಅಳತೆ

ಸಂಪರ್ಕವೆಂಬುದು ಎರಡು ದಿಕ್ಕಿನದು. ಹಳ್ಳಿಯವರು ಕೇಳಿಸಿಕೊಳ್ಳುವುದು ಎಷ್ಟು ಮುಖ್ಯವೋ ಅವರು ಹೇಳಿದ್ದು ಯಂತ್ರಕ್ಕೆ ತಿಳಿಯುವುದೂ ಅಷ್ಟೇ ಮುಖ್ಯ. 2022ರಲ್ಲಿ ಉದ್ಘಾಟನೆಯಾದ ಭಾಷಿಣಿ ಯೋಜನೆ ಧ್ವನಿಯ ಮೂಲಕ ಸರಕಾರಿ ಸೇವೆಗಳನ್ನು ತಲುಪಿಸುವ ಗುರಿಯಿಟ್ಟುಕೊಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯು ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ವಿಷಯಗಳ ಮೇಲೆ, ಉಪಭಾಷಾಭೇದಗಳನ್ನು ಗಣನೆಗೆ ತೆಗೆದುಕೊಂಡು ಮಾತಿನ ಸಂಗ್ರಹ ಮಾಡಿದೆ. ಅದೇ ಸಂಸ್ಥೆ ಗೂಗಲ್ ಜತೆಗೂಡಿ ನಡೆಸುತ್ತಿರುವ ವಾಣಿ ಯೋಜನೆಯು ಭಾಷೆಯ ಬದಲು ಜಿಲ್ಲೆಯನ್ನು ಘಟಕವಾಗಿಸಿಕೊಂಡು, ಚಿತ್ರಗಳನ್ನು ತೋರಿಸಿ ಜನರಿಂದ ಸಹಜ ಮಾತನ್ನು ಪಡೆಯುತ್ತದೆ. ಬರೆದುಕೊಟ್ಟ ವಾಕ್ಯವನ್ನು ಓದಿಸಿದರೆ ಬೆಳಗಾವಿಯವರೂ ‘ಮನೆಯಲ್ಲಿ’ ಎಂದೇ ಓದುತ್ತಾರೆ. ಚಿತ್ರ ತೋರಿಸಿ ಕೇಳಿದಾಗ ‘ಮನ್ಯಾಗ’ ಎನ್ನುತ್ತಾರೆ. ಆದ್ದರಿಂದ ಈ ವಿಧಾನ ಭಾಷಿಕವಾಗಿ ಸ್ವಾಗತಾರ್ಹ. ಆದರೂ ಖಾನಾಪುರ, ಅಥಣಿ, ರಾಮದುರ್ಗಗಳನ್ನು ಒಳಗೊಂಡ ಬೆಳಗಾವಿಯಂತಹ ಜಿಲ್ಲೆಯಲ್ಲಿ ಜಿಲ್ಲೆಯೆಂಬ ಘಟಕವೂ ದೊಡ್ಡದೇ.

ಮಾತು ಸಂಗ್ರಹವಾದ ಮೇಲೆ ಅದನ್ನು ಬರೆದಿಡುವ ಪ್ರಶ್ನೆ ಏಳುತ್ತದೆ. ‘ಹೊಳ್ಯಾಗ’ ಎಂದದ್ದನ್ನು ಹಾಗೆಯೇ ಬರೆಯಬೇಕೇ, ‘ಹೊಳೆಯಲ್ಲಿ’ ಎಂದು ತಿದ್ದಿ ಬರೆಯಬೇಕೇ? ಇದು ಲಿಪಿಕಾರರ ಅಭಿರುಚಿಗೆ ಬಿಡಬಹುದಾದ ವಿಷಯವಲ್ಲ. ತಪ್ಪಿನ ಅಳತೆ ಇದನ್ನೇ ಅವಲಂಬಿಸಿದೆ. ಧ್ವನಿ ಗುರುತಿಸುವಿಕೆಯ ಗುಣಮಟ್ಟವನ್ನು ಪದದೋಷ ಪ್ರಮಾಣದಿಂದ ಅಳೆಯುವುದು ರೂಢಿ: ಬದಲಾದ, ಬಿಟ್ಟುಹೋದ ಮತ್ತು ಹೆಚ್ಚಾಗಿ ಸೇರಿದ ಪದಗಳ ಮೊತ್ತವನ್ನು ಮೂಲದ ಪದಗಳ ಸಂಖ್ಯೆಯಿಂದ ಭಾಗಿಸಬೇಕು.

ಮಾತನಾಡಿದವರು ‘ಹೊಳ್ಯಾಗ ನೀರ ಬಂದೈತಿ’ ಎಂದರೆಂದುಕೊಳ್ಳೋಣ. ಮೂಲಪ್ರತಿಯಲ್ಲಿ ಅದನ್ನು ಯಥಾವತ್ತಾಗಿ ಬರೆಯಲಾಗಿದ್ದು, ಯಂತ್ರವು ‘ಹೊಳೆಯಲ್ಲಿ ನೀರು ಬಂದಿದೆ’ ಎಂದು ಕೊಟ್ಟರೆ ಮೂರಕ್ಕೆ ಮೂರೂ ಪದಗಳು ತಪ್ಪು. ದೋಷ 100 ಪ್ರತಿಶತ. ಅರ್ಥ ಮಾತ್ರ ಪೂರ್ಣ ಸರಿ. ಯಂತ್ರವು ‘ಹೊಳ್ಯಾಗ ನೀರ ಬಂದಿಲ್ಲ’ ಎಂದು ಕೊಟ್ಟರೆ ಒಂದೇ ಪದ ತಪ್ಪು. ದೋಷ 33 ಪ್ರತಿಶತ. ಅರ್ಥ ಮಾತ್ರ ತಲೆಕೆಳಗು. ಇದು ಅಳತೆಯ ಅಂಚಿನಲ್ಲಿ ಸಿಗುವ ಅಪವಾದವಲ್ಲ. ನಿಷೇಧ, ಕಾಲ, ಕಾರಕಗಳನ್ನು ಪದದೊಳಗೇ ಹೊತ್ತಿರುವ ಭಾಷೆಗೆ ಪದವನ್ನು ಅಖಂಡ ಘಟಕವಾಗಿ ಎಣಿಸುವ ಅಳತೆಯನ್ನು ಹಚ್ಚಿದಾಗ ಸಹಜವಾಗಿ ಬರುವ ಫಲ. ಇದಕ್ಕೆ ಪ್ರತಿಯಾಗಿ ಎಲ್ಲವನ್ನೂ ಶಿಷ್ಟರೂಪಕ್ಕೆ ತಿದ್ದಿ ಬರೆದರೆ ಅಂಕಿಗಳು ಸುಧಾರಿಸಬಹುದು. ಆದರೆ ಆ ದತ್ತಾಂಶದಲ್ಲಿ ಉಪಭಾಷೆಯ ಗುರುತೇ ಅಳಿಸಿಹೋಗಿ, ಯಾವ ಪ್ರಭೇದದವರಿಗೆ ಯಂತ್ರ ಎಲ್ಲಿ ಸೋಲುತ್ತಿದೆಯೆಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ.

ನಮ್ಮ ಸಲಹೆ ಎರಡು ಸಾಲಿನ ಬರಹ. ಮೊದಲ ಸಾಲಿನಲ್ಲಿ ಆಡಿದ್ದು ಆಡಿದಂತೆ, ಎರಡನೆಯದರಲ್ಲಿ ಶಿಷ್ಟರೂಪ. ಇವುಗಳ ನಡುವೆ ಪ್ರತ್ಯಯಮಟ್ಟದ ಹೊಂದಾಣಿಕೆ. ಆಗ ದೋಷವನ್ನು ರೂಪದ ದೋಷ, ಅರ್ಥದ ದೋಷ ಎಂದು ಬೇರ್ಪಡಿಸಿ ಎಣಿಸಬಹುದು. ನಿಷೇಧ, ಸಂಖ್ಯೆ ಮತ್ತು ಸ್ಥಳನಾಮಗಳ ತಪ್ಪುಗಳಿಗೆ ಪ್ರತ್ಯೇಕ ಲೆಕ್ಕವಿಟ್ಟು, ಫಲಿತಾಂಶವನ್ನು ಪ್ರಭೇದವಾರು ಪ್ರಕಟಿಸಬೇಕು. ಇಡೀ ಕನ್ನಡಕ್ಕೆ ಒಂದೇ ಸರಾಸರಿ ಕೊಟ್ಟರೆ, ಯಾರ ಮಾತಿನ ದತ್ತಾಂಶ ಹೆಚ್ಚಿದೆಯೋ ಅವರ ಸೌಖ್ಯದೊಳಗೆ ಉಳಿದವರ ಕಷ್ಟ ಕರಗಿಹೋಗುತ್ತದೆ.

6. ಗಡಿ ಮತ್ತು ದ್ವಿಭಾಷಿಕತೆ

ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಹುಕ್ಕೇರಿಯ ಕಡೆ ಕನ್ನಡದ ಜತೆಗೆ ಮರಾಠಿಯೂ, ಪಟ್ಟಣಗಳಲ್ಲಿ ದಖನಿ ಉರ್ದುವೂ ನಿತ್ಯದ ಮಾತಿನಲ್ಲಿವೆ. ಇಂತಹ ಸಂಪರ್ಕದ ಫಲವೇನೆಂಬುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಕುಪವಾಡದ ಅಧ್ಯಯನ ತೋರಿಸಿಕೊಟ್ಟಿದೆ. ಸಾಂಗ್ಲಿ ಜಿಲ್ಲೆಯ ಆ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದುಗಳ ಸ್ಥಳೀಯ ರೂಪಗಳು ಪದಕೋಶದಲ್ಲಿ ಬೇರೆಯಾಗಿಯೇ ಉಳಿದು, ವಾಕ್ಯರಚನೆಯಲ್ಲಿ ಎಷ್ಟು ಸಮೀಪಿಸಿದ್ದವೆಂದರೆ ಒಂದರಿಂದ ಇನ್ನೊಂದಕ್ಕೆ ಆಕೃತಿಮಾಗೆ ಆಕೃತಿಮಾ ಇಟ್ಟು ಅನುವಾದಿಸಬಹುದಿತ್ತು.

ಕುಪವಾಡದ ತೀರ್ಮಾನಗಳನ್ನು ಹುಕ್ಕೇರಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಅದರಿಂದ ಮೂಡುವ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ‘ಕನ್ನಡಕ್ಕಾಗಿ ಒಂದು ಒತ್ತಿ’ ಎನ್ನುವ ವ್ಯವಸ್ಥೆ ಒಂದು ಕರೆಗೆ ಒಂದೇ ಭಾಷೆಯೆಂದು ಭಾವಿಸುತ್ತದೆ. ದ್ವಿಭಾಷಿಕರ ಮಾತಿನಲ್ಲಿ ಭಾಷೆ ವಾಕ್ಯದ ನಡುವೆಯೇ ಬದಲಾಗಬಹುದು. ಮರಾಠಿಯ ನಾಮಪದಕ್ಕೆ ಕನ್ನಡದ ವಿಭಕ್ತಿ ಹತ್ತಬಹುದು. ಭಾಷೆಯ ಆಯ್ಕೆಯನ್ನು ಸೇವಾವಲಯಕ್ಕೆ ಕಟ್ಟಿಹಾಕುವ ಬದಲು ಚಂದಾದಾರರೇ ಒಮ್ಮೆ ಸೂಚಿಸಿ, ಬೇಕಾದಾಗ ಬದಲಿಸಿಕೊಳ್ಳುವಂತಿರಬೇಕು. ಕರ್ನಾಟಕದೊಳಗಿನ ಮರಾಠಿ ಭಾಷಿಕರಿಗೆ ಸಲ್ಲುವ ಈ ನ್ಯಾಯವೇ ಸೊಲ್ಲಾಪುರ, ಸಾಂಗ್ಲಿ, ಕಾಸರಗೋಡುಗಳ ಕನ್ನಡಿಗರಿಗೂ ಸಲ್ಲಬೇಕು.

7. ಉಪಸಂಹಾರ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ ಪುರುಷರು 57.1 ಪ್ರತಿಶತ, ಮಹಿಳೆಯರು 33.3 ಪ್ರತಿಶತ. ಸ್ವತಃ ಬಳಸುವ ಮೊಬೈಲ್ ಫೋನ್ ಇರುವ ಮಹಿಳೆಯರು ಸುಮಾರು 54 ಪ್ರತಿಶತ. ಫೋನು ಮನೆಯ ಒಬ್ಬರ ಕಿಸೆಯಲ್ಲಿ ಹೊಲಕ್ಕೆ ಹೋದಾಗ ಮನೆಯಲ್ಲಿ ಉಳಿದವರಿಗೆ ಬರಹದ ಸಂದೇಶ ಮುಟ್ಟುವುದಿಲ್ಲ. ಭಾಷಿಕ ಸುಧಾರಣೆಗಳು ಈ ಅಂತರವನ್ನು ತಾವಾಗಿಯೇ ಮುಚ್ಚಲಾರವು. ಧ್ವನಿವರ್ಧಕ, ಡಂಗುರ, ರೇಡಿಯೊಗಳನ್ನು ಹಳತೆಂದು ಬದಿಗಿಡದೆ ಡಿಜಿಟಲ್ ಮುನ್ಸೂಚನೆಯ ಜತೆಗೆ ಜೋಡಿಸಬೇಕೆನ್ನಲು ಇದೂ ಕಾರಣ.

ನಮ್ಮ ವಿವೇಚನೆಯಿಂದ ಹೊರಡುವ ಅಂಶಗಳನ್ನು ಹೀಗೆ ಕ್ರೋಡೀಕರಿಸಬಹುದು. ಕನ್ನಡ ಸಂದೇಶಕ್ಕೆ ಖಂಡಗಳ ಲೆಕ್ಕದಲ್ಲಿ ಹೆಚ್ಚು ಬೆಲೆ ತೆರುವ ಸ್ಥಿತಿ ಹೋಗಬೇಕು. ಸಾರ್ವಜನಿಕ ಎಚ್ಚರಿಕೆಗಳ ಮಟ್ಟಿಗಾದರೂ ದರವನ್ನು ಖಂಡಕ್ಕಲ್ಲದೆ ಸಂದೇಶಕ್ಕೆ ನಿಗದಿಪಡಿಸಬಹುದು. ಮುನ್ಸೂಚನೆಯ ವಾಕ್ಯಗಳನ್ನು ಮಳೆಗಾಲಕ್ಕೆ ಮೊದಲೇ ರಚಿಸಿ, ಅವು ಯಾರಿಗಾಗಿಯೋ ಅವರ ಮುಂದೆ ಓದಿ, ತಿಳಿಯಿತೇ ಎಂದು ಪರೀಕ್ಷಿಸಬೇಕು. ಧ್ವನಿ ತಂತ್ರಜ್ಞಾನದ ಮೌಲ್ಯಮಾಪನ ಪ್ರಭೇದವಾರು ನಡೆಯಬೇಕು. ಈ ಮೂರರಲ್ಲಿಯೂ ಭಾಷಾವಿಜ್ಞಾನ ವಿಭಾಗಗಳು ಮಾಡಬೇಕಾದ ಕೆಲಸವಿದೆ. ಎರಡು ಸಾಲಿನ ಬರಹ, ಸಂದೇಶಗಳ ಗ್ರಹಿಕೆಯ ಪರೀಕ್ಷೆ, ತಾಲೂಕುಮಟ್ಟದ ಉಪಭಾಷಾ ನಕ್ಷೆಗಳು ಪಿಎಚ್‌ಡಿ ಸಂಶೋಧನೆಗೆ ತಕ್ಕ ವಿಷಯಗಳು.

ಇಂತಹ ಕೆಲಸವನ್ನು ಸ್ಥಳೀಯವಾಗಿ ಹೊರಬಲ್ಲವರು ಯಾರೆಂದು ಕೇಳಿದರೆ ಈ ನೆಲದಲ್ಲಿಯೇ ಒಂದು ನಿದರ್ಶನವಿದೆ. ಗ್ರಾಮೀಣ ವಿದ್ಯುದೀಕರಣಕ್ಕಾಗಿ ದೇಶದಲ್ಲಿ ಪ್ರಾಯೋಗಿಕವಾಗಿ ಹುಟ್ಟಿದ ಮೊದಲ ಐದು ಸಹಕಾರ ಸಂಘಗಳಲ್ಲಿ 1969ರ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೂ ಒಂದು. ವಿದ್ಯುತ್ತಿನಂತಹ ಸಂಕೀರ್ಣ ಸೇವೆಯ ವಿತರಣೆಯನ್ನು ಬಳಕೆದಾರರೇ ಸದಸ್ಯರಾದ ಸಂಸ್ಥೆಯೊಂದು ಕೈಗೆತ್ತಿಕೊಳ್ಳಬಹುದೆಂದು ಅದು ತೋರಿಸಿದೆ. ತಮ್ಮ ಮಾತಿನ ದತ್ತಾಂಶವನ್ನು ಯಾರು ಸಂಗ್ರಹಿಸಬೇಕು, ಹೇಗೆ ಬರೆದಿಡಬೇಕು, ಯಾವ ಷರತ್ತಿನ ಮೇಲೆ ಹಂಚಬೇಕು ಎಂಬ ನಿರ್ಧಾರದಲ್ಲಿಯೂ ಆ ಮಾತನಾಡುವವರಿಗೆ ಅಂತಹುದೇ ಸದಸ್ಯತ್ವ ದೊರೆಯಬೇಕೆಂಬುದು ನಮ್ಮ ನಿಲುವು.